ಕ್ವಾಲಿಸ್, ಇನ್ನೋವಾ, ಕ್ರಿಸ್ಟಾ, ಹೈಕ್ರಾಸ್: ಕೊನೆಯ ಸಾಲಿನಲ್ಲಿ ಕೂರುವವರನ್ನು ನೋಡಿ ಆರಿಸಿ

ಮನೆಮಂದಿಯೆಲ್ಲ ಒಟ್ಟಿಗೆ ಹೋಗೋಕೆ ಒಂದು ದೊಡ್ಡ ಗಾಡಿ ತಗೋಬೇಕು ಅಂತ ಮಾತು ಎದ್ದರೆ, ನಮ್ಮ ಕಡೆ ಆ ಮಾತು ಸುತ್ತಿ ಬಳಸಿ ಇನ್ನೋವಾ ಹತ್ತಿರವೇ ಬಂದು ನಿಲ್ಲುತ್ತದೆ. ಆಮೇಲೆ ಶುರುವಾಗುವುದು ನಿಜವಾದ ಗೊಂದಲ. ಯಾವ ಇನ್ನೋವಾ? ನಾಲ್ಕೈದು ಲಕ್ಷಕ್ಕೆ ಸಿಗುವ ಹಳೇದೋ, ಡೀಸೆಲ್ ಕ್ರಿಸ್ಟಾನೋ, ಶೋರೂಂನಲ್ಲಿ ಮಿಂಚುವ, ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಹೈಕ್ರಾಸೋ? ಊರಲ್ಲಿ ಯಾರೋ ಕ್ವಾಲಿಸ್ ಮಾರ್ತಾ ಇದ್ದಾರೆ, ಅದನ್ನೇ ತಗೊಂಡರೆ ಹೇಗೆ ಅಂತ ಕೇಳುವವರೂ ಇದ್ದಾರೆ.

ನಾಲ್ಕು ಗಾಡಿಯೂ ಟೊಯೋಟಾದ ಒಂದೇ ವಂಶದ್ದು. ನಾಲ್ಕೂ ಮೈಸೂರು ರಸ್ತೆಯ ಬಿಡದಿಯಲ್ಲೇ ತಯಾರಾದವು. ಆದರೆ ಗುಣ ಒಂದೇ ಅಲ್ಲ. ಇಂಜಿನ್ ಎಷ್ಟು ಸಿಸಿ, ಸ್ಕ್ರೀನ್ ಎಷ್ಟು ದೊಡ್ಡದು ಅಂತ ನೋಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಗಾಡಿಯಲ್ಲಿ ಕೊನೆಯ ಸಾಲಿನಲ್ಲಿ ಯಾರು ಕೂರುತ್ತಾರೆ? ಎಷ್ಟು ಸಲ, ಎಷ್ಟು ದೂರ? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೂಲ ಇಂಡೋನೇಷ್ಯಾದ್ದು

ಈ ಗಾಡಿಯ ಬೇರು ಇರುವುದು ಇಂಡೋನೇಷ್ಯಾದಲ್ಲಿ. 1977ರಲ್ಲಿ ಟೊಯೋಟಾ ಅಲ್ಲಿ ಕಿಜಾಂಗ್ ಅನ್ನೋ ಹೆಸರಿನ ಗಾಡಿ ಬಿಟ್ಟಿತು. ಕಿಜಾಂಗ್ ಅಂದರೆ ನಮ್ಮ ಮಲೆನಾಡಿನವರು ಕಾಡುಕುರಿ ಅನ್ನುವ ಸಣ್ಣ ಜಿಂಕೆ. ಮೊದಲ ಕಿಜಾಂಗ್ ಕಾರೇ ಅಲ್ಲ. ಅದೊಂದು ಸಣ್ಣ ಪಿಕಪ್. ತಗಡನ್ನು ನೇರ ನೇರ ಬಗ್ಗಿಸಿ ಮಾಡಿದ ಚೌಕಾಕಾರದ ಮೈ. ಬಾನೆಟ್ ಎತ್ತಿದರೆ ಪಕ್ಕದ ತಗಡೂ ಸೇರಿ ಮೇಲೇಳುತ್ತಿತ್ತು. ಅದನ್ನು ನೋಡಿ ಅಲ್ಲಿನ ಜನ 'ಮೊಸಳೆ ಕಿಜಾಂಗ್' ಅಂತ ಕರೆದರು.

ಅಷ್ಟು ಸರಳವಾಗಿ ಮಾಡಿದ್ದಕ್ಕೆ ಕಾರಣ ಇತ್ತು. ಅಲ್ಲೇ ತಯಾರಾಗಬೇಕು, ಬೆಲೆ ಕಮ್ಮಿ ಇರಬೇಕು, ಹಳ್ಳಿ ರಸ್ತೆಗೆ ತಡೆಯಬೇಕು. ಅಲ್ಲಿನ ಬಾಡಿ ಕಟ್ಟುವ ವರ್ಕ್‌ಶಾಪುಗಳು ಈ ಪಿಕಪ್‌ನ ಚಾಸಿ (ಗಾಡಿಯ ಮೈ ಹೊರುವ ಕೆಳಗಿನ ಚೌಕಟ್ಟು) ಮೇಲೆ ಹಿಂದೆ ಸೀಟು ಕೂರಿಸಿ, ಮಾಡು ಹಾಕಿ, ಕುಟುಂಬದ ಗಾಡಿ ಮಾಡಿಕೊಟ್ಟವು. ಜನರಿಗೆ ಬೇಕಿದ್ದದ್ದು ಅದು. ರಂಜಾನ್ ಮುಗಿದು ಹಬ್ಬ ಬಂತೆಂದರೆ ಜಕಾರ್ತದ ಲಕ್ಷಾಂತರ ಜನ ಊರಿಗೆ ಹೊರಡುತ್ತಾರೆ. ಅದಕ್ಕೆ ಅಲ್ಲಿ 'ಮುದಿಕ್' ಅನ್ನುತ್ತಾರೆ. ಗೌರಿ ಹಬ್ಬಕ್ಕೋ ಊರ ಜಾತ್ರೆಗೋ ನಾವು ಬೆಂಗಳೂರು ಖಾಲಿ ಮಾಡಿ ಹೋಗುವ ಹಾಗೇ ಅದು. ಅಜ್ಜಿ, ಮಕ್ಕಳು, ಚೀಲ, ತಿಂಡಿ ಡಬ್ಬಿ ಎಲ್ಲ ಒಂದೇ ಗಾಡಿಯಲ್ಲಿ ಹಿಡಿಯಬೇಕು.

1986ರ ಮೂರನೇ ತಲೆಮಾರಿನ ಕಿಜಾಂಗ್ ಹೊತ್ತಿಗೆ ಅದು ಸರಿಯಾಗಿ ಕುಟುಂಬದ ಗಾಡಿ ಆಗಿತ್ತು. ನಮಗೆ ಬಂದ ಕ್ವಾಲಿಸ್ ಅದರ ಮೇಲೆ ಕಟ್ಟಿದ್ದು.

ಕ್ವಾಲಿಸ್: ಮನಸ್ಸು ಬೇಡುತ್ತದೆ, ಆದರೆ

ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿದ್ದು 1997ರಲ್ಲಿ. ಕಿರ್ಲೋಸ್ಕರ್ ಹೆಸರು ನಮಗೆ ಹರಿಹರದ ಕಾರ್ಖಾನೆಯಿಂದ ಮೊದಲೇ ಗೊತ್ತಿತ್ತು. 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಆಗಲೇ ಹದಿನಾಲ್ಕು ವರ್ಷ ಹಳೆಯ ಡಿಸೈನ್. ನೋಡೋಕೆ ಡಬ್ಬದ ಹಾಗಿದೆ, ಇದನ್ನು ಯಾರು ಕೊಳ್ಳುತ್ತಾರೆ ಅಂದವರು ಬಹಳ ಮಂದಿ. ಆದರೆ ಕೊಂಡರು. ಟಾಟಾ ಸುಮೋದಲ್ಲಿ ಕೂತು ಮೈ ನೋಯಿಸಿಕೊಂಡಿದ್ದ ಜನಕ್ಕೆ ಕ್ವಾಲಿಸ್ ಒಳಗೆ ಕೂತಾಗ ಕಾರಿನಲ್ಲಿ ಕೂತ ಹಾಗಾಯಿತು. ಸ್ಟೇರಿಂಗ್ ಹಗುರ, ಗೇರ್ ಬೆಣ್ಣೆ. ಬೆಂಗಳೂರಿನ ಕಾಲ್ ಸೆಂಟರ್‌ಗಳು ರಾತ್ರಿ ಪಾಳಿಯವರನ್ನು ಮನೆಗೆ ಬಿಡೋಕೆ ಶುರು ಮಾಡಿದ್ದೂ ಆ ವರ್ಷಗಳಲ್ಲೇ. ರಾತ್ರಿ ಎರಡು ಗಂಟೆಗೆ ಬೀದಿಯಲ್ಲಿ ಗಾಡಿ ಸದ್ದು ಕೇಳಿದರೆ ಅದು ಕ್ವಾಲಿಸ್ಸೇ.

ನಮ್ಮ ಚಿಕ್ಕಪ್ಪನ ಹತ್ತಿರ ಒಂದಿತ್ತು. ಹತ್ತು ಸೀಟಿನದ್ದು. ಹಿಂದೆ ಎದುರುಬದುರು ಬೆಂಚು. ಮಕ್ಕಳಾದ ನಮಗೆ ಅಲ್ಲೇ ಜಾಗ. ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗುತ್ತಿತ್ತು. ಶಿರಾಡಿ ಘಾಟಿಯ ತಿರುವಿನಲ್ಲಿ ಒಂದು ಬದಿಯವರೆಲ್ಲ ಇನ್ನೊಂದು ಬದಿಯವರ ಮೇಲೆ ಬೀಳುತ್ತಿದ್ದೆವು. ನಡುವೆ ನೆಲದ ಮೇಲೆ ಪುಳಿಯೋಗರೆ ಡಬ್ಬಿ. ಅದನ್ನು ಕಾಲಲ್ಲಿ ಒತ್ತಿ ಹಿಡಿಯುವ ಕೆಲಸ ನನ್ನದು. ಆ ಬೆಂಚಿಗೆ ಸೀಟ್ ಬೆಲ್ಟ್ ಇತ್ತಾ ಅಂತ ಆಗ ಯಾರೂ ಕೇಳಿರಲಿಲ್ಲ. ಈಗ ನನ್ನ ಮಗಳನ್ನು ಹಾಗೆ ಕೂರಿಸೋಕೆ ನನಗೆ ಧೈರ್ಯ ಬರುವುದಿಲ್ಲ.

ಇಂಜಿನ್ ವಿಷಯದಲ್ಲಿ ಮಾತ್ರ ಕ್ವಾಲಿಸ್‌ಗೆ ಕೈ ಮುಗಿಯಬೇಕು. 2.4 ಲೀಟರ್ ಡೀಸೆಲ್, 75 ಅಶ್ವಶಕ್ತಿ, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಮೆಕ್ಯಾನಿಕಲ್ ಪಂಪ್. ಯಾವ ಊರಿನ ಗ್ಯಾರೇಜಿನವರೂ ಬಿಚ್ಚಿ ಜೋಡಿಸಬಲ್ಲರು. ನಿಧಾನ, ಆದರೆ ನಿಲ್ಲುವುದಿಲ್ಲ.

ಹಾಗಾದರೆ ಇವತ್ತು ತಗೋಬಹುದಾ? ತೋಟ ಇದೆ, ಹತ್ತು ಕಿಲೋಮೀಟರ್ ಒಳಗೆ ಓಡಾಟ, ಗೊಬ್ಬರದ ಚೀಲ ಹಾಕಬೇಕು ಅಂದರೆ ಸರಿ. ಕುಟುಂಬದ ದೂರದ ಪ್ರಯಾಣಕ್ಕೆ ಬೇಡ. ಅದರ ತಯಾರಿ ನಿಂತಿದ್ದು 2005ರ ಶುರುವಿನಲ್ಲಿ. ಅಂದರೆ ಸಿಗುವ ಕ್ವಾಲಿಸ್ ಎಲ್ಲವೂ ಇಪ್ಪತ್ತು ವರ್ಷ ದಾಟಿದವು. ಹದಿನೈದು ವರ್ಷ ದಾಟಿದ ಕಾರಿನ ಮರು ನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಗಿದೆ. ಅದರ ಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ), ಹಸಿರು ತೆರಿಗೆ. ಗಾಡಿ ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಖುಷಿಪಡುವ ಮೊದಲು ಆರ್‌ಸಿ ಯಾವ ತಾರೀಖಿನವರೆಗೆ ಇದೆ ನೋಡಿ.

ಹಳೇ ಇನ್ನೋವಾ (2005–2016): ಗಾಡಿಗಿಂತ ಮಾರುವವರನ್ನು ಪರೀಕ್ಷಿಸಿ

ಕ್ವಾಲಿಸ್ ಚೆನ್ನಾಗಿ ಓಡುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿತು. ಜಾಗಕ್ಕೆ ಬಂದದ್ದು ಇನ್ನೋವಾ. ಇಂಡೋನೇಷ್ಯಾದಲ್ಲಿ 2004ರಲ್ಲಿ 'ಕಿಜಾಂಗ್ ಇನ್ನೋವಾ' ಅಂತ ಬಂತು, ನಮ್ಮಲ್ಲಿ 2005ರ ಫೆಬ್ರವರಿಯಲ್ಲಿ. ಚಾಸಿ ಫ್ರೇಮ್ ಹಾಗೇ ಉಳಿಯಿತು, ಹಿಂದಿನ ಚಕ್ರಕ್ಕೆ ಓಟವೂ (ಅಂದರೆ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು) ಉಳಿಯಿತು. ಆದರೆ ಹಿಂದಿನ ಚಕ್ರಗಳ ಮೇಲಿದ್ದ ಪಟ್ಟಿಯ ಲೀಫ್ ಸ್ಪ್ರಿಂಗ್ ಹೋಗಿ ಸುರುಳಿಯ ಕಾಯಿಲ್ ಸ್ಪ್ರಿಂಗ್ ಬಂತು. ಈ ಒಂದು ಬದಲಾವಣೆಯೇ ಕೊನೆಯ ಸಾಲಿನವರ ಬದುಕು ಬದಲಿಸಿದ್ದು. ಕ್ವಾಲಿಸ್‌ನಲ್ಲಿ ಹಂಪ್ ಬಂದರೆ ಹಿಂದಿನವರ ತಲೆ ಮಾಡಿಗೆ ತಾಗುತ್ತಿತ್ತು. ಇನ್ನೋವಾದಲ್ಲಿ ತೂಗಿದ ಹಾಗಾಗುತ್ತದೆ ಅಷ್ಟೇ. ಎಲ್ಲರೂ ಮುಂದೆ ನೋಡಿ ಕೂರುತ್ತಾರೆ. ಎಸಿ ಗಾಳಿ ಮಾಡಿನಿಂದ ಹಿಂದಿನವರೆಗೂ ಬರುತ್ತದೆ.

ಆದರೆ ಒಂದು ಮಾತು. ಕೊನೆಯ ಸೀಟು ಹಿಂದಿನ ಚಕ್ರದ ಹತ್ತಿರ ಇರುವುದರಿಂದ ಘಾಟಿಯಲ್ಲಿ ಬಾಲ ಅಲ್ಲಾಡಿದ ಹಾಗೆ ಅಲ್ಲಾಡುತ್ತದೆ. ವಾಂತಿ ಬರುವ ಮಕ್ಕಳಿದ್ದರೆ ಅವರನ್ನು ನಡುವಿನ ಸಾಲಿಗೆ ತನ್ನಿ. ದೊಡ್ಡವರು ಇಬ್ಬರು ಹಿಂದೆ ಆರಾಮಾಗಿ ಕೂರಬಹುದು. ಮೂರನೆಯವರು ಸೇರಿದರೆ ಹಾಸನ ದಾಟುವಷ್ಟರಲ್ಲಿ ಜಗಳ ಶುರು.

ಇಂಜಿನ್ 2.5 ಲೀಟರ್ ಡಿ-4ಡಿ ಡೀಸೆಲ್, 102 ಅಶ್ವಶಕ್ತಿ. ಚೆನ್ನಾಗಿ ನೋಡಿಕೊಂಡರೆ ಮೂರು, ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಗಾಡಿಗಳು ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಧಾರಾಳವಾಗಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ತೊಂದರೆ ಇರುವುದೂ ಇಲ್ಲೇ. ಎಷ್ಟು ಓಡಿದರೂ ಗಾಡಿ ಗಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಮೀಟರ್ ತಿರುಗಿಸಿದವರಿಗೆ ಸಿಕ್ಕಿಬೀಳುವ ಭಯವಿಲ್ಲ.

ನಮ್ಮ ಭಾವನವರಿಗೆ ಹೀಗೇ ಆಯಿತು. 2012ರ ಗಾಡಿ, ಮೀಟರ್‌ನಲ್ಲಿ 96,000. ಬಿಳಿ ಬೋರ್ಡ್, ಹೊಸ ಸೀಟ್ ಕವರ್, ಒಳಗೆ ಸೆಂಟ್ ವಾಸನೆ. ತಂದ ಮೂರನೇ ದಿನ ನಮ್ಮೂರಿನ ಮೆಕ್ಯಾನಿಕ್ ಬಾಗಿಲು ತೆಗೆದು ಒಳಗೆ ಬಗ್ಗಿದರು. ಕ್ಲಚ್ ಪೆಡಲ್‌ನ ರಬ್ಬರ್ ಮೇಲೆ ಹೆಬ್ಬೆರಳು ಓಡಿಸಿದರು. ಗೆರೆ ಒಂದೂ ಇರಲಿಲ್ಲ. ಒಂದು ಮೂಲೆಯಲ್ಲಿ ಕಬ್ಬಿಣ ಕಾಣುತ್ತಿತ್ತು. "ಸಾರ್, ಒಂದು ಲಕ್ಷಕ್ಕೆ ಪೆಡಲ್ ಹಿಂಗೆ ಸವೆಯಲ್ಲ" ಅಂದರು, ಅಷ್ಟೇ. ಆಮೇಲೆ ಸರ್ವಿಸ್ ಸೆಂಟರ್‌ನಲ್ಲಿ ನಂಬರ್ ಹೇಳಿ ಕೇಳಿದರೆ ನಾಲ್ಕು ವರ್ಷ ಹಿಂದೆಯೇ ಎರಡು ಲಕ್ಷ ದಾಟಿತ್ತು. ಮಾರಿದವರು ಫೋನ್ ಎತ್ತಲಿಲ್ಲ. ಇಂಜೆಕ್ಟರ್, ಟರ್ಬೊ, ಕ್ಲಚ್ ಅಂತ ಆ ವರ್ಷ ಭಾವನವರು ಸುರಿದ ದುಡ್ಡು ನೆನೆದರೆ ಈಗಲೂ ಅಕ್ಕನ ಮುಖ ಸಣ್ಣಗಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಬೆಲೆ ಮಾತಾಡುವ ಮೊದಲು ಸರ್ವಿಸ್ ಹಿಸ್ಟರಿ ತೆಗೆಸಿ. ಪೆಡಲ್, ಗೇರ್ ನಾಬ್, ಸ್ಟೇರಿಂಗ್, ಡ್ರೈವರ್ ಸೀಟಿನ ಬಲಬದಿಯ ಅಂಚು ನೋಡಿ. ಈ ನಾಲ್ಕು ಸುಳ್ಳು ಹೇಳುವುದಿಲ್ಲ. ಗಾಡಿ ಹಿಂದೆ ಹಳದಿ ಬೋರ್ಡ್ ಆಗಿತ್ತಾ ಅಂತ ಆರ್‌ಟಿಒ ದಾಖಲೆಯಲ್ಲಿ ನೋಡಿ. ಹಳದಿ ಬೋರ್ಡ್ ಆಗಿದ್ದರೆ ಕೆಟ್ಟ ಗಾಡಿ ಅಂತ ಅಲ್ಲ, ಮುಚ್ಚಿಟ್ಟಿದ್ದರೆ ಮಾತ್ರ ಕೆಟ್ಟದ್ದು. ಇಂಜಿನ್ ಒಳಗಿನ ಭಾಗಗಳನ್ನು ಹೊಂದಿಸಿ ತಿರುಗಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದರು ಕೇಳಿ. ಈ ಇಂಜಿನ್‌ಗೆ ಚೈನ್ ಇಲ್ಲ, ಬೆಲ್ಟ್. ಅದು ಓಡುವಾಗ ತುಂಡಾದರೆ ಇಂಜಿನ್ ಕೆಲಸವೇ ಬರುತ್ತದೆ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ರ‍್ಯಾಂಪ್ ಮೇಲೆ ಏರಿಸಿ ಚಾಸಿಯ ತುಕ್ಕು ನೋಡಲೇಬೇಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅದು ನೆರೆಯಲ್ಲಿ ನಿಂತ ಗಾಡಿ.

ದೆಹಲಿ ಕಡೆಯಿಂದ ಬಂದ ಗಾಡಿಗಳ ಬಗ್ಗೆಯೂ ಹುಷಾರು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದ ಮೇಲೆ ಕಮ್ಮಿ ಬೆಲೆಗೆ ಇತ್ತ ಬರುತ್ತವೆ. ಗಾಡಿ ಚೆನ್ನಾಗಿರಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಮತ್ತೆ ನೋಂದಣಿ ಆಗಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಉಳಿತಾಯ ಅಂದುಕೊಂಡದ್ದು ಅಲ್ಲೇ ಕರಗುತ್ತದೆ. ಇನ್ನೊಂದು, ಹಳೆಯ ವರ್ಷಗಳ ಕೆಳಗಿನ ವೇರಿಯೆಂಟ್‌ಗಳಲ್ಲಿ ಏರ್‌ಬ್ಯಾಗ್ ಇಲ್ಲ. ಆ ಕಾರಣಕ್ಕೆ ನಾನಾದರೆ ಕೊನೆಯ ವರ್ಷಗಳ, ಅಂದರೆ 2014ರ ಆಚೆಯ, ಏರ್‌ಬ್ಯಾಗ್ ಇರುವ ಗಾಡಿಯನ್ನೇ ಹುಡುಕುತ್ತೇನೆ. ಬಜೆಟ್ ಎಂಟು ಲಕ್ಷದ ಒಳಗಿದ್ದು, ತಿಂಗಳಿಗೆ ಒಂದೆರಡು ಸಲ ಊರಿಗೆ ಹೋಗುವ ಏಳು ಜನರ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ.

ಕ್ರಿಸ್ಟಾ: ಘಾಟಿ, ಲೋಡು, ದೂರ

2016ರ ಮೇ ತಿಂಗಳಲ್ಲಿ ಕ್ರಿಸ್ಟಾ ಬಂತು. ಬೆಲೆ ಒಮ್ಮೆಲೇ ಏರಿತು, ಒಳಗಿನ ಅಂದವೂ ಏರಿತು. 2.4 ಲೀಟರ್ ಡೀಸೆಲ್ 150 ಅಶ್ವಶಕ್ತಿ. ಆಟೋಮ್ಯಾಟಿಕ್ ಬೇಕೆಂದವರಿಗೆ ಆಗ 2.8 ಲೀಟರ್ ಇಂಜಿನ್ ಇತ್ತು. ಅದೇ ಹೊತ್ತಿಗೆ ದೆಹಲಿ ಸುತ್ತಮುತ್ತ 2,000 ಸಿಸಿಗಿಂತ ದೊಡ್ಡ ಡೀಸೆಲ್ ಗಾಡಿಗಳಿಗೆ ತಡೆ ಇದ್ದದ್ದರಿಂದ 2.7 ಲೀಟರ್ ಪೆಟ್ರೋಲ್ ಕ್ರಿಸ್ಟಾ ಕೂಡ ಬಂತು. ಪೆಟ್ರೋಲ್ ಕುಡಿಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವವರು ಮಾತ್ರ ನೋಡಿ.

ಡೀಸೆಲ್ ಕ್ರಿಸ್ಟಾದ ನಿಜವಾದ ಗುಣ ಗೊತ್ತಾಗುವುದು ಎಂಟು ಜನ, ಮೇಲೆ ಲಗೇಜು ಹಾಕಿಕೊಂಡು ಚಾರ್ಮಾಡಿ ಹತ್ತುವಾಗ. ಹಳೇ ಇನ್ನೋವಾದಲ್ಲಿ ಎಸಿ ಆಫ್ ಮಾಡುವ ತಿರುವಿನಲ್ಲಿ ಇದು ಮಾತಾಡದೆ ಹತ್ತುತ್ತದೆ. ಹಿಂದಿನ ಚಕ್ರಕ್ಕೆ ಓಟ ಇರುವುದರಿಂದ ಹಿಂದೆ ಭಾರ ಬಿದ್ದಷ್ಟೂ ಹಿಡಿತ ಜಾಸ್ತಿ. ಮಡಿಕೇರಿ, ಸಕಲೇಶಪುರ ಕಡೆಯ ಎಸ್ಟೇಟಿನವರು ಇದನ್ನು ಬಿಡದೆ ಹಿಡಿದುಕೊಂಡಿರುವುದು ಸುಮ್ನೆ ಅಲ್ಲ. ಟೈಮಿಂಗ್ ಬೆಲ್ಟಿನ ಚಿಂತೆಯೂ ಇಲ್ಲ, ಇದರಲ್ಲಿ ಚೈನ್ ಇದೆ.

ಕೊರತೆ ಎರಡು. ನೆಲ ಎತ್ತರ. ಮಂಡಿನೋವಿನ ಹಿರಿಯರು ಹತ್ತುವಾಗ ಒಬ್ಬರು ಕೈ ಹಿಡಿಯಬೇಕು. ಇನ್ನೊಂದು, 2020ರ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ದಿನಾ ನಾಲ್ಕು ಕಿಲೋಮೀಟರ್ ಮಗುವನ್ನು ಸ್ಕೂಲಿಗೆ ಬಿಟ್ಟು ಬರುವುದಷ್ಟೇ ಕೆಲಸವಾದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ಓಡಬೇಕು. ಸಿಟಿಗೆ ಮಾತ್ರ ಗಾಡಿ ಬೇಕು ಅನ್ನುವವರಿಗೆ ಡೀಸೆಲ್ ಕ್ರಿಸ್ಟಾ ಬೇಡವೇ ಬೇಡ. 2023ರಲ್ಲಿ ಮತ್ತೆ ಬಂದ ಹೊಸ ಕ್ರಿಸ್ಟಾದಲ್ಲಿ ಮ್ಯಾನ್ಯುಯಲ್ ಗೇರ್ ಮಾತ್ರ. ಕ್ಲಚ್ ಒತ್ತಿ ಒತ್ತಿ ಕಾಲು ನೋಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೈಕ್ರಾಸ್: ಹೆಸರು ಇನ್ನೋವಾ, ಒಳಗೆ ಬೇರೆ ಗಾಡಿ

2022ರ ನವೆಂಬರ್‌ನಲ್ಲಿ ಇಂಡೋನೇಷ್ಯಾದಲ್ಲಿ 'ಕಿಜಾಂಗ್ ಇನ್ನೋವಾ ಝೆನಿಕ್ಸ್' ಅಂತಲೂ, ಅದೇ ವಾರ ನಮ್ಮಲ್ಲಿ ಹೈಕ್ರಾಸ್ ಅಂತಲೂ ಪರದೆ ಸರಿಯಿತು. 1977ರಿಂದ ಬಂದಿದ್ದ ಚಾಸಿ ಫ್ರೇಮ್ ಇಲ್ಲಿಗೆ ಕೊನೆಯಾಯಿತು. ಹಿಂದಿನ ಚಕ್ರದ ಓಟ ಮುಂದಿನ ಚಕ್ರಕ್ಕೆ ಬಂತು. ಡೀಸೆಲ್ ಇಲ್ಲವೇ ಇಲ್ಲ. ಹಳಬರಿಗೆ ಇದನ್ನು ಇನ್ನೋವಾ ಅನ್ನೋಕೆ ಬಾಯಿ ಬರಲಿಲ್ಲ. ನನಗೂ ಬಂದಿರಲಿಲ್ಲ.

ಆದರೆ ಕೊನೆಯ ಸಾಲಿನಲ್ಲಿ ಕೂತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಫ್ರೇಮ್ ಹೋದದ್ದರಿಂದ ನೆಲ ಕೆಳಗಿಳಿದಿದೆ. ಹತ್ತುವುದು ಸುಲಭ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,750 ಮಿಲಿಮೀಟರ್ ಇದ್ದದ್ದು 2,850 ಆಗಿದೆ. ಆ ನೂರು ಮಿಲಿಮೀಟರ್ ಹಿಂದೆ ಕೂತವರ ಮೊಣಕಾಲಿಗೆ ಗೊತ್ತಾಗುತ್ತದೆ. ತಿರುವಿನಲ್ಲಿ ತೂಗಾಟ ಕಮ್ಮಿ.

ಇದರಲ್ಲಿ ಎರಡು ಬಗೆ. ಎರಡಕ್ಕೂ ಇಂಜಿನ್ 2 ಲೀಟರ್ ಪೆಟ್ರೋಲ್. ಸಾದಾ ಪೆಟ್ರೋಲಿನದ್ದು 174 ಅಶ್ವಶಕ್ತಿ, ಸಿವಿಟಿ ಅನ್ನುವ ಆಟೋಮ್ಯಾಟಿಕ್ ಗೇರ್. ಹೈಬ್ರಿಡ್‌ನದ್ದು ಬ್ಯಾಟರಿಯಿಂದ ಓಡುವ ಮೋಟಾರ್ ಸೇರಿ 186. ಸಾದಾ ಪೆಟ್ರೋಲ್ ಬೆಲೆಯಲ್ಲಿ ಕಮ್ಮಿ, ಮೈಲೇಜ್‌ನಲ್ಲೂ ಕಮ್ಮಿ. ಹೈಬ್ರಿಡ್‌ಗೆ ಕಂಪನಿ ಹೇಳುವ ಲೆಕ್ಕ ಲೀಟರಿಗೆ 23.24 ಕಿಲೋಮೀಟರ್. ರಸ್ತೆಯಲ್ಲಿ ಹದಿನಾರು, ಹದಿನೇಳು ಬಂದರೂ ಇಷ್ಟು ದೊಡ್ಡ ಗಾಡಿಗೆ ಅದು ಬಹಳವೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಡಿ ತೆವಳುವಾಗ ಇಂಜಿನ್ ಆಫ್ ಆಗಿರುತ್ತದೆ, ಬ್ಯಾಟರಿಯಲ್ಲೇ ಚಕ್ರ ಉರುಳುತ್ತದೆ. ಪಕ್ಕದ ಆಟೋದವರ ಮಾತು ಒಳಗೆ ಕೇಳುವಷ್ಟು ನಿಶ್ಶಬ್ದ. ಹೈವೇಯಲ್ಲಿ ಈ ಲಾಭ ಅಷ್ಟು ಇಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲಿ ದಿನಾ ಮೂವತ್ತು ಕಿಲೋಮೀಟರ್ ಓಡುವವರಿಗೆ ಹೈಬ್ರಿಡ್, ವಾರಕ್ಕೊಮ್ಮೆ ಮಾತ್ರ ತೆಗೆಯುವವರಿಗೆ ಸಾದಾ ಪೆಟ್ರೋಲ್ ಸಾಕು. ಬ್ಯಾಟರಿ ಹೋದರೆ ಗತಿಯೇನು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಆದರೆ ಹದಿನೈದು ವರ್ಷ ಒಂದೇ ಗಾಡಿ ಇಟ್ಟುಕೊಳ್ಳುವ ಮನೆಯವರು ಆ ಖರ್ಚಿಗೆ ಈಗಲೇ ಒಂದಿಷ್ಟು ತೆಗೆದಿಡುವುದು ಒಳ್ಳೆಯದು.

ಎಸ್ಟೇಟಿನ ಮಣ್ಣು ರಸ್ತೆಯಲ್ಲಿ ಮಳೆಗಾಲದಲ್ಲಿ ಏರಬೇಕು ಅಂದರೆ ಹೈಕ್ರಾಸ್ ನನ್ನ ಆಯ್ಕೆ ಅಲ್ಲ. ಹಿಂದೆ ಭಾರ ಬಿದ್ದಾಗ ಮುಂದಿನ ಚಕ್ರ ಹಗುರಾಗುತ್ತದೆ, ಕೆಸರಲ್ಲಿ ಸುಮ್ಮನೆ ತಿರುಗುತ್ತದೆ. ಅಲ್ಲಿ ಕ್ರಿಸ್ಟಾನೇ ಸರಿ.

ಮಾರುತಿ ಶೋರೂಂ ಮನೆಗೆ ಹತ್ತಿರ ಇದ್ದರೆ ಇನ್ವಿಕ್ಟೊ ಕೂಡ ನೋಡಿ. 2023ರ ಜುಲೈನಲ್ಲಿ ಬಂದ ಅದು ಇದೇ ಹೈಬ್ರಿಡ್ ಗಾಡಿ, ಬಿಡದಿಯಲ್ಲೇ ತಯಾರಾಗುತ್ತದೆ, ಮುಂದಿನ ಮುಖ ಬೇರೆ ಅಷ್ಟೇ. ಯಾವುದು ಬೇಗ ಸಿಗುತ್ತದೋ ಕೇಳಿ.

ಹೊಸದಕ್ಕೆ ಬೆಲೆ ಹಾಕುವಾಗ ಎಕ್ಸ್ ಶೋರೂಂ ಬೆಲೆಯನ್ನೇ ನಂಬಿ ಕೂರಬೇಡಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದವರೆಗಿನ ಕಾರಿಗೆ ರೋಡ್ ಟ್ಯಾಕ್ಸ್ 17%, 20 ಲಕ್ಷ ದಾಟಿದರೆ 18%. ಅದರ ಮೇಲೆ ಸೆಸ್ ಬೇರೆ. ಇನ್ಶೂರೆನ್ಸ್ ಎಲ್ಲ ಸೇರಿ ಹಲವು ಲಕ್ಷ ಮೇಲೆ ಹೋಗುತ್ತದೆ.

ನೋಡೋಕೆ ಹೋಗುವ ದಿನ

ಶೋರೂಂಗೋ ಮಾರುವವರ ಮನೆಗೋ ಗಂಡಸರು ಇಬ್ಬರೇ ಹೋಗಿ ಬಾನೆಟ್ ಎತ್ತಿ ನೋಡಿ ಬರುವ ರೂಢಿ ಬಿಡಿ. ಕೊನೆಯ ಸಾಲಿನಲ್ಲಿ ಕೂರುವವರನ್ನೇ ಕರೆದುಕೊಂಡು ಹೋಗಿ. ಅವರೇ ನಡುವಿನ ಸೀಟು ಮಡಚಿ, ಅವರೇ ಹಿಂದೆ ಹತ್ತಲಿ. ಟೆಸ್ಟ್ ಡ್ರೈವ್‌ನಲ್ಲಿ ಹಂಪ್ ಇರುವ ರಸ್ತೆಗೆ ಹೋಗಿ, ಕಾಲು ಗಂಟೆ ಅವರನ್ನು ಅಲ್ಲೇ ಕೂರಿಸಿ.

ಹೋದ ವರ್ಷ ಅಕ್ಕ, ಭಾವ ಮತ್ತೆ ಗಾಡಿ ನೋಡೋಕೆ ಹೊರಟಾಗ ನಾವು ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಚಿಕ್ಕಪ್ಪನ ಕ್ವಾಲಿಸ್‌ನಲ್ಲಿ ಐದು ವರ್ಷ ಓಡಾಡಿದವರು, ಈಗ ಎಪ್ಪತ್ತೆರಡು ವಯಸ್ಸು. ಕ್ರಿಸ್ಟಾದ ಹಿಂದಿನ ಸೀಟಿಗೆ ಹತ್ತೋಕೆ ಎರಡು ಸಲ ಪ್ರಯತ್ನಿಸಿ, ಬಾಗಿಲ ಹಿಡಿ ಹಿಡಿದು ನಿಂತುಬಿಟ್ಟರು. ಹೈಕ್ರಾಸ್‌ಗೆ ಸೀರೆ ಸ್ವಲ್ಪ ಎತ್ತಿ ತಾವೇ ಹತ್ತಿದರು. ಕೂತು, ಕಾಲು ಚಾಚಿ ನೋಡಿ, "ಇಲ್ಲಿ ಡಬ್ಬಿ ಇಡೋಕೂ ಜಾಗ ಇದೆ ಕಣೋ" ಅಂದರು. ಭಾವ ಅಲ್ಲೇ ಅಡ್ವಾನ್ಸ್ ಕೊಟ್ಟರು.